ಹಳೆಯ ಅಡುಗೆಮನೆ ಪಾತ್ರೆಗಳಲ್ಲಿ ಮೇಣದಬತ್ತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಜೊತೆ ತಪ್ಪಿದ ಪಿಂಗಾಣಿ ಕಪ್ಪು, ಮುಚ್ಚಳ ಕಳೆದುಹೋದ ಸಕ್ಕರೆ ಬಟ್ಟಲು, ಕಲಾಯಿ ಸವೆದ ತಾಮ್ರದ ಬೋಗುಣಿ, ಅಂಚು ಮುಕ್ಕಾದ ಎನಾಮೆಲ್ ಲೋಟ. ಅಡುಗೆಗೆ ಒದಗದೆ, ಎಸೆಯಲೂ ಮನಸ್ಸು ಬಾರದೆ ಅಟ್ಟದ ಮೇಲೆ ಉಳಿದಿರುವ ಇಂಥ ಪಾತ್ರೆಗಳಿಗೆ ಮೇಣ ಮತ್ತು ಬತ್ತಿ ಹೊಸ ಕೆಲಸ ಕೊಡುತ್ತವೆ. ಈ ಕೆಲಸಕ್ಕೆ ಹೊಸಬರಾದವರು ಮೊದಲು ಮೇಣದ ಬಗ್ಗೆ, ಆಮೇಲೆ ಪರಿಮಳದ ಬಗ್ಗೆ, ಕೊನೆಗೆ ಪಾತ್ರೆಯ ಬಗ್ಗೆ ಕೇಳುತ್ತಾರೆ. ಈ ಕ್ರಮ ತಲೆಕೆಳಗಾಗಬೇಕು ಎನ್ನುವುದು ನನ್ನ ದೃಢವಾದ ಅಭಿಪ್ರಾಯ. ಬತ್ತಿ ಎಷ್ಟು ದಪ್ಪವಿರಬೇಕು, ಮೇಣ ಯಾವುದಿರಬೇಕು, ದೀಪ ಎಷ್ಟು ಹೊತ್ತು ಉರಿಯಬಹುದು ಎಂಬುದನ್ನೆಲ್ಲ ನಿರ್ಧರಿಸುವುದು ಪಾತ್ರೆಯೇ. ಆದ್ದರಿಂದ ಇಲ್ಲಿನ ಉತ್ತರಗಳೂ ಪಾತ್ರೆಯಿಂದಲೇ ಶುರುವಾಗುತ್ತವೆ.

ಯಾವ ಹಳೆಯ ಪಾತ್ರೆಯಾದರೂ ಆಗುತ್ತದೆಯೇ?

ಇಲ್ಲ. ಪಾತ್ರೆ ನಾಲ್ಕು ಪರೀಕ್ಷೆಗಳಲ್ಲಿ ಗೆಲ್ಲಬೇಕು. ಅದು ಉರಿಯುವ ವಸ್ತುವಿನದಾಗಿರಬಾರದು, ಸೋರಬಾರದು, ಬಿಸಿಗೆ ಬಿರಿಯಬಾರದು, ಮಟ್ಟವಾಗಿ ಅಲುಗಾಡದೆ ಕೂರಬೇಕು. ಮರದ ಬಟ್ಟಲು, ಪ್ಲಾಸ್ಟಿಕ್ ಡಬ್ಬಿ, ಅರಗು ಅಥವಾ ಬಣ್ಣ ಬಳಿದ ಒಳಮೈಯ ಪಾತ್ರೆ ಮೊದಲ ಪರೀಕ್ಷೆಯಲ್ಲೇ ಬಿದ್ದುಹೋಗುತ್ತವೆ. ತೆಳುವಾದ ಕಾಲಿನ ಮೇಲೆ ನಿಂತ ಗಾಜಿನ ಲೋಟ ನೋಡಲು ಎಷ್ಟೇ ಚೆಂದವಿದ್ದರೂ ಕೊನೆಯದರಲ್ಲಿ ಸೋಲುತ್ತದೆ. ಕಾಲು ಸಣ್ಣದು, ಭಾರವೆಲ್ಲ ಮೇಲೆ, ಒಂದು ಮೊಣಕೈ ತಗುಲಿದರೆ ಬೆಂಕಿಯ ಸಮೇತ ಮಗುಚುತ್ತದೆ.

ಇವೆಲ್ಲ ಸರಿಯಿದ್ದರೂ ಬಾಯಿಯ ಅಗಲ ನೋಡಬೇಕು. 5ರಿಂದ 9 ಸೆಂಟಿಮೀಟರ್ ಅಗಲದ ಬಾಯಿ ಒಂದೇ ಬತ್ತಿಗೆ ಹದವಾದ ಅಳತೆ. ಬಾಯಿಗಿಂತ ಹೊಟ್ಟೆ ತೀರಾ ದೊಡ್ಡದಿದ್ದರೆ ಕೆಳಗಿನ ಮೇಣ ಸರಿಯಾಗಿ ಕರಗುವುದಿಲ್ಲ, ಕಂಠದ ಬಳಿ ಮಾತ್ರ ಬಿಸಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ.

ಬಿರುಕು ಇದೆಯೋ ಇಲ್ಲವೋ ಎಂದು ಹೇಗೆ ತಿಳಿಯುವುದು?

ಕಣ್ಣು, ಕಿವಿ, ನೀರು, ಮೂರನ್ನೂ ಬಳಸಿ. ಕತ್ತಲ ಕೋಣೆಯಲ್ಲಿ ಪಾತ್ರೆಯೊಳಗೆ ಟಾರ್ಚ್ ಹಿಡಿದರೆ ತೆಳು ಪಿಂಗಾಣಿಯ ಬಿರುಕು ಕಪ್ಪು ಗೆರೆಯಾಗಿ ಎದ್ದು ಕಾಣುತ್ತದೆ. ಬೆರಳ ಗೆಣ್ಣಿನಿಂದ ಅಂಚನ್ನು ಮೃದುವಾಗಿ ತಟ್ಟಿದಾಗ ಗಟ್ಟಿ ಪಿಂಗಾಣಿ ಗಂಟೆಯಂತೆ ದನಿಗೊಡುತ್ತದೆ. ಬಿರುಕು ಬಿಟ್ಟಿದ್ದರೆ ದನಿ ಮೊಂಡಾಗಿ ಅಲ್ಲೇ ಸತ್ತುಹೋಗುತ್ತದೆ. ಆಮೇಲೆ ಪಾತ್ರೆಗೆ ಉಗುರುಬೆಚ್ಚಗಿನ ನೀರು, ಅದು ತಾಳಿಕೊಂಡರೆ ಕೈ ಸುಡುವಷ್ಟು ಬಿಸಿನೀರು ತುಂಬಿ, ಕಾಗದದ ಮೇಲಿಟ್ಟು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಕಾಗದ ಒದ್ದೆಯಾಗಿದ್ದರೆ ಆ ಪಾತ್ರೆಯಲ್ಲಿ ಬೆಂಕಿ ಹಚ್ಚುವ ಯೋಚನೆ ಬಿಟ್ಟುಬಿಡಿ. ಬಿರುಕಿಗೆ ಅಂಟು ಹಾಕಿ ಸರಿಪಡಿಸಿದ ಪಾತ್ರೆಗೂ ಇದೇ ಮಾತು, ಏಕೆಂದರೆ ಸಾಮಾನ್ಯ ಅಂಟುಗಳು ಬಿಸಿಗೆ ಮೆತ್ತಗಾಗುತ್ತವೆ.

ಹೊಳಪಿನ ಪದರದ ಮೇಲೆ ಜೇಡರ ಬಲೆಯಂತೆ ಹರಡಿದ ಸಣ್ಣ ಗೆರೆಗಳು ಹಳೆಯ ಪಿಂಗಾಣಿಯಲ್ಲಿ ಸಾಮಾನ್ಯ. ಅವು ಎಲ್ಲ ಸಲವೂ ಒಳಗಿನ ಮಣ್ಣಿನವರೆಗೆ ಇಳಿದಿರುವುದಿಲ್ಲ. ಆದರೂ ಆ ಗೆರೆಗಳ ಮೂಲಕ ಕರಗಿದ ಮೇಣ ನಿಧಾನವಾಗಿ ಒಸರಬಹುದು. ಬಿಸಿನೀರಿನ ಪರೀಕ್ಷೆಯಲ್ಲಿ ಗೆದ್ದರೂ ಅಂಥದ್ದನ್ನು ತಟ್ಟೆಯ ಮೇಲಿಟ್ಟೇ ಉರಿಸಿ.

ಅಂಚು ಮಾತ್ರ ಮುಕ್ಕಾಗಿದೆ, ಬಿರುಕಿಲ್ಲ. ಬಳಸಬಹುದೇ?

ಧಾರಾಳವಾಗಿ ಬಳಸಬಹುದು. ನನ್ನ ದೃಷ್ಟಿಯಲ್ಲಿ ಈ ಕೆಲಸಕ್ಕೆ ಇಂಥ ಪಾತ್ರೆಗಳೇ ಮೊದಲ ಆಯ್ಕೆಯಾಗಬೇಕು. ಕುಡಿಯಲು ಆಗದ ಕಪ್ಪು ದೀಪವಾಗಲಿ. ಕುಡಿಯಲು ಯೋಗ್ಯವಾದ, ಪೂರ್ತಿ ಜೊತೆಯಿರುವ ಹಳೆಯ ಕಪ್ಪುಗಳು ಕಪ್ಪುಗಳಾಗಿಯೇ ಉಳಿಯಲಿ. ಮುಕ್ಕಾದ ಜಾಗ ಚೂಪಾಗಿದ್ದರೆ ನಯವಾದ ಮರಳು ಕಾಗದವನ್ನು ನೀರಿನಲ್ಲಿ ನೆನೆಸಿ ಮೆಲ್ಲನೆ ಉಜ್ಜಿ. ಒಣಗಿದಾಗ ಉಜ್ಜಿದರೆ ಏಳುವ ಧೂಳು ಉಸಿರಿನೊಳಗೆ ಹೋಗುತ್ತದೆ. ಮುಕ್ಕಿನ ತುದಿಯಿಂದ ಕೂದಲೆಳೆಯಂಥ ಗೆರೆ ಕೆಳಗಿಳಿದಿದ್ದರೆ ಮಾತ್ರ ಅದನ್ನು ಬಿರುಕೆಂದೇ ಎಣಿಸಿ ಪಕ್ಕಕ್ಕಿಡಿ.

ಗಾಜಿನ ಪಾತ್ರೆಗಳಲ್ಲಿ ಯಾವುದು ಕ್ಷೇಮ?

ಗಾಜು ಒಡೆಯುವುದು ಬಿಸಿಯಿಂದ ಎನ್ನುವುದಕ್ಕಿಂತ ಬಿಸಿಯ ವ್ಯತ್ಯಾಸದಿಂದ ಎನ್ನುವುದು ಸರಿ. ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಹಿಗ್ಗದಿದ್ದರೆ ಗಾಜು ಆ ಎಳೆತವನ್ನು ತಾಳುವುದಿಲ್ಲ. ಸಾಧಾರಣ ಸೋಡಾ ಸುಣ್ಣದ ಗಾಜು ಬೋರೋಸಿಲಿಕೇಟ್ ಗಾಜಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಹಿಗ್ಗುತ್ತದೆ. ಒಲೆಯಲ್ಲಿಡಲೆಂದೇ ತಯಾರಾದ ಹಳೆಯ ಗಾಜಿನ ಪಾತ್ರೆಗಳು ಮೇಣಕ್ಕೆ ಒಳ್ಳೆಯ ಮನೆಯಾಗುವುದು ಈ ಕಾರಣಕ್ಕೆ. ಅಮೆರಿಕದ ಕಾರ್ನಿಂಗ್ ಕಂಪನಿ 1915ರಲ್ಲಿ ಪೈರೆಕ್ಸ್ ಹೆಸರಿನಲ್ಲಿ ಮಾರುಕಟ್ಟೆಗೆ ತಂದದ್ದು ಬೋರೋಸಿಲಿಕೇಟ್ ಗಾಜನ್ನು. ಮುಂದೆ ಅದೇ ಹೆಸರಿನಲ್ಲಿ ಹದಗೊಳಿಸಿದ ಸೋಡಾ ಸುಣ್ಣದ ಗಾಜೂ ಬಂದಿತು. ಹಾಗಾಗಿ ಹೆಸರೊಂದನ್ನೇ ನೋಡಿ ಗಾಜಿನ ಜಾತಿ ಹೇಳಲಾಗುವುದಿಲ್ಲ.

ದಪ್ಪ ಗೋಡೆಯ ಜಾಮ್ ಜಾಡಿ, ಉಪ್ಪಿನಕಾಯಿ ಜಾಡಿಯಂಥವು ಸೋಡಾ ಸುಣ್ಣದ ಗಾಜೇ ಆದರೂ ಬಿಸಿ ತುಂಬಲೆಂದು ತಯಾರಾದವು, ಮೇಣದ ಬಿಸಿಯನ್ನು ತಾಳುತ್ತವೆ. ಕೆತ್ತನೆಯ ಅಲಂಕಾರದ ಗಾಜು, ತೆಳು ಕುಡಿಯುವ ಲೋಟ, ಗೀರು ತುಂಬಿದ ಗಾಜು ಇವನ್ನು ದೂರವಿಡಿ. ಪ್ರತಿ ಗೀರೂ ಒಡಕಿಗೆ ತೆರೆದ ಬಾಗಿಲು.

ತಾಮ್ರ, ಹಿತ್ತಾಳೆ, ಎನಾಮೆಲ್, ತಗಡಿನ ಪಾತ್ರೆಗಳು?

ಲೋಹ ಒಡೆಯುವುದಿಲ್ಲ, ಅದೇ ಅದರ ದೊಡ್ಡ ಗುಣ. ದೋಷವೆಂದರೆ ಬಿಸಿಯನ್ನು ತನ್ನಲ್ಲಿಟ್ಟುಕೊಳ್ಳದೆ ಹೊರಗೆ ದಾಟಿಸಿಬಿಡುತ್ತದೆ. ತಾಮ್ರ ಗಾಜಿಗಿಂತ ನೂರಾರು ಪಟ್ಟು ವೇಗವಾಗಿ ಬಿಸಿಯನ್ನು ಹರಿಸುತ್ತದೆ. ಹೊರಮೈ ಕೈ ಸುಡುವಷ್ಟು ಕಾಯಬಹುದು, ಕೆಳಗಿನ ಮೇಜಿನ ಹೊಳಪು ಕಲೆಯಾಗಬಹುದು. ಆದ್ದರಿಂದ ಲೋಹದ ದೀಪದ ಕೆಳಗೆ ಹೆಂಚು, ಪಿಂಗಾಣಿ ತಟ್ಟೆ ಅಥವಾ ಕಲ್ಲಿನ ತುಂಡು ಕಡ್ಡಾಯ. ಗೋಡೆಯ ಮೂಲಕ ಬಿಸಿ ಸೋರಿಹೋಗುವುದರಿಂದ ಅಂಚಿನ ಮೇಣ ಕರಗದೆ ಉಳಿಯುವುದೂ ಉಂಟು. ಅದಕ್ಕೆ ಒಂದು ಅಳತೆ ದಪ್ಪ ಬತ್ತಿ ಬೇಕಾಗಬಹುದು.

ತಗಡಿನ ಡಬ್ಬಿಗಳಲ್ಲಿ ಬೆಸುಗೆಯ ಅಂಚು ನೋಡಿ. ನೀರು ಸೋರದ ಸಂದಿನಲ್ಲೂ ಕರಗಿದ ಮೇಣ, ಅದರಲ್ಲೂ ಪರಿಮಳದ ಎಣ್ಣೆ ಬೆರೆತ ಮೇಣ, ಜಿನುಗಬಲ್ಲದು. ಎನಾಮೆಲ್ ಲೋಟದ ಒಳಪದರ ಎದ್ದು ಕಬ್ಬಿಣ ತುಕ್ಕು ಹಿಡಿದಿದ್ದರೆ, ತುಕ್ಕನ್ನು ಉಜ್ಜಿ ತೆಗೆದು ಪೂರ್ತಿ ಒಣಗಿಸಿ. ಉಳಿದ ಒಂದು ಹನಿ ನೀರು ಕೂಡ ದೀಪ ಉರಿಯುವಾಗ ಚಟಚಟನೆ ಸಿಡಿಯುತ್ತದೆ.

ಟೀಪಾಟ್, ಕಿರುಬಾಯಿಯ ಜಗ್ಗು, ಉದ್ದ ಕಂಠದ ಹೂಜಿ ಇವುಗಳಲ್ಲಿ ಮಾಡಬಹುದೇ?

ಬೇಡ. ಜ್ವಾಲೆಗೆ ಕೆಳಗಿನಿಂದ, ಅಕ್ಕಪಕ್ಕದಿಂದ ಗಾಳಿ ಬೇಕು. ಇಕ್ಕಟ್ಟಾದ ಬಾಯಿಯೊಳಗೆ ಗಾಳಿ ಸಾಲದೆ ಜ್ವಾಲೆ ನಡುಗುತ್ತದೆ, ಮಸಿ ಕಾರುತ್ತದೆ, ಕಂಠ ವಿಪರೀತ ಕಾಯುತ್ತದೆ. ಟೀಪಾಟಿನ ಮೇಲೆ ಅಷ್ಟೊಂದು ಪ್ರೀತಿಯಿದ್ದರೆ ಅದನ್ನು ಮೇಣ ಸುರಿಯುವ ಪಾತ್ರೆಯಾಗಿ ಬಳಸಿ. ಬೆಚ್ಚಗೆ ಮಾಡಿಟ್ಟುಕೊಂಡರೆ ಅದರ ಕೊಕ್ಕಿನಿಂದ ಸಣ್ಣ ಕಪ್ಪುಗಳಿಗೆ ಚೆಲ್ಲದಂತೆ ಸುರಿಯಬಹುದು.

ಹಳೆಯ ಪಾತ್ರೆಗಳಲ್ಲಿ ಸೀಸ ಇರುತ್ತದಂತೆ, ನಿಜವೇ?

ಎಲ್ಲದರಲ್ಲೂ ಅಲ್ಲ, ಆದರೆ ಹಲವುದರಲ್ಲಿ ಇರುತ್ತದೆ. ಪಿಂಗಾಣಿಯ ಹೊಳಪಿಗೆ, ಮೇಲಿನ ಬಣ್ಣದ ಚಿತ್ತಾರಕ್ಕೆ, ಕ್ರಿಸ್ಟಲ್ ಗಾಜಿಗೆ, ಹಳೆಯ ಪ್ಯೂಟರ್ ಲೋಹಕ್ಕೆ, ತಗಡಿನ ಬೆಸುಗೆಗೆ ಸೀಸ ಬಳಸುತ್ತಿದ್ದ ಕಾಲವೊಂದಿತ್ತು. ಸಾಂಪ್ರದಾಯಿಕ ಸೀಸದ ಕ್ರಿಸ್ಟಲ್‌ನಲ್ಲಿ ತೂಕದ ಕಾಲುಭಾಗದಷ್ಟು ಸೀಸದ ಆಕ್ಸೈಡ್ ಇರುತ್ತದೆ. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ದೀಪದ ಮೇಣದ ಕೊಳ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಹಾಗಾದರೆ ಚಿಂತೆ ಎಲ್ಲಿ? ಉಜ್ಜುವಾಗ, ಕೆರೆಯುವಾಗ, ಕೊರೆಯುವಾಗ ಏಳುವ ಧೂಳಿನಲ್ಲಿ. ಚಿತ್ತಾರ ಪುಡಿಪುಡಿಯಾಗಿ ಉದುರುವ ಪಾತ್ರೆಯನ್ನು ಮುಟ್ಟಲೇಬೇಡಿ, ಅಂಚು ಉಜ್ಜುವ ಕೆಲಸವನ್ನು ಸಾದಾ ಬಿಳಿ ಪಾತ್ರೆಗಳಿಗಷ್ಟೇ ಸೀಮಿತಗೊಳಿಸಿ, ಮಕ್ಕಳನ್ನು ಈ ಕೆಲಸದಿಂದ ದೂರವಿಡಿ. ಮನೆಯಲ್ಲಿ ಒರೆಸಿ ನೋಡುವ ಪರೀಕ್ಷಾ ಕಡ್ಡಿಗಳ ಫಲಿತಾಂಶವನ್ನು ಪೂರ್ತಿ ನಂಬುವಂತಿಲ್ಲ.

ಸೀಸದ ಇನ್ನೊಂದು ದಾರಿ ಬತ್ತಿ. ನೆಟ್ಟಗೆ ನಿಲ್ಲಲೆಂದು ಕೆಲವು ಬತ್ತಿಗಳ ನಡುವೆ ಸೀಸದ ತಂತಿ ಸೇರಿಸುತ್ತಿದ್ದರು. ಅದು ಉರಿದಾಗ ಸೀಸ ನೇರವಾಗಿ ಗಾಳಿಗೆ ಸೇರುತ್ತಿತ್ತು. ಅಮೆರಿಕ 2003ರಲ್ಲಿ ಅಂಥ ಬತ್ತಿಗಳನ್ನು ನಿಷೇಧಿಸಿತು. ಹಳೆಯ ಪೆಟ್ಟಿಗೆಯಲ್ಲಿ ತಂತಿಯಿರುವ ಬತ್ತಿ ಸಿಕ್ಕರೆ ಅದರ ಲೋಹವನ್ನು ಬಿಳಿ ಕಾಗದದ ಮೇಲೆ ಎಳೆಯಿರಿ. ಪೆನ್ಸಿಲಿನಂತೆ ಬೂದು ಗೆರೆ ಮೂಡಿದರೆ ಅದು ಸೀಸವಿರಬಹುದು. ಪಾತ್ರೆ ಹಳೆಯದಿರಲಿ, ಬತ್ತಿ ಮಾತ್ರ ಹೊಸದೇ ಇರಲಿ.

ಯಾವ ಮೇಣ ಒಳ್ಳೆಯದು?

ಪಾತ್ರೆಯೊಳಗೇ ಉರಿಯುವ ದೀಪಕ್ಕೆ ಮೆತ್ತಗಿನ, ಬೇಗ ಕರಗುವ ಮೇಣ ಹೊಂದುತ್ತದೆ. ತಾನೇ ನಿಲ್ಲಬೇಕಾದ ಕಂಬದಂಥ ಬತ್ತಿಗೆ ಗಟ್ಟಿ ಮೇಣ ಬೇಕು. ಸೋಯಾ ಮೇಣದ ಪಾತ್ರೆ ಮಿಶ್ರಣಗಳು ಸುಮಾರು 50 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತವೆ, ಪ್ಯಾರಾಫಿನ್ ಬಗೆಗೆ ತಕ್ಕಂತೆ ಹೆಚ್ಚುಕಡಿಮೆ 46ರಿಂದ 68ರ ನಡುವೆ, ಜೇನುಮೇಣ 62ರಿಂದ 64ಕ್ಕೆ.

ಹೊಸಬರಿಗೆ ನಾನು ಸೋಯಾ ಮೇಣವನ್ನೇ ಹೇಳುತ್ತೇನೆ. ಕಡಿಮೆ ಬಿಸಿಯಲ್ಲಿ ಕೆಲಸ ಮುಗಿಯುತ್ತದೆ, ಹಳೆಯ ಪಾತ್ರೆಗೆ ಆಘಾತ ಕಡಿಮೆ, ಚೆಲ್ಲಿದ್ದನ್ನು ಸಾಬೂನು ಹಾಕಿ ಬಿಸಿನೀರಿನಲ್ಲಿ ಒರೆಸಬಹುದು. ಪ್ಯಾರಾಫಿನ್ ಬಣ್ಣವನ್ನೂ ಪರಿಮಳವನ್ನೂ ಚೆನ್ನಾಗಿ ಹಿಡಿಯುತ್ತದೆ, ಆದರೆ ಆರುವಾಗ ಹೆಚ್ಚು ಕುಗ್ಗುತ್ತದೆ. ಜೇನುಮೇಣ ನನಗೆ ತುಂಬ ಇಷ್ಟ. ಅದರದೇ ನಸುಪರಿಮಳ ಸಾಕು, ಏನನ್ನೂ ಬೆರೆಸಬೇಕಿಲ್ಲ. ಆದರೆ ಅದು ಗಟ್ಟಿ ಮತ್ತು ಅಂಟು. ಪಾತ್ರೆಯಲ್ಲಿ ಒಂದೇ ಬಳಸಿದರೆ ನಡುವೆ ಮಾತ್ರ ಕರಗಿ ಅಂಚು ಉಳಿದುಬಿಡುತ್ತದೆ. ಸೋಯಾ ಮೇಣಕ್ಕೆ ಸ್ವಲ್ಪ ಜೇನುಮೇಣ ಬೆರೆಸಿದರೆ ಎರಡರ ಗುಣವೂ ಸಿಗುತ್ತದೆ.

ಮನೆಯಲ್ಲಿ ಉಳಿದ ಮೇಣದಬತ್ತಿ ತುಂಡುಗಳನ್ನು ಕರಗಿಸಿ ಬಳಸಬಹುದು. ಕರಗಿದ ಮೇಲೆ ಹಳೆಯ ಬತ್ತಿ, ಕಡ್ಡಿ ತುಂಡು, ಮಸಿ ಎಲ್ಲವನ್ನೂ ಬಟ್ಟೆಯಲ್ಲಿ ಸೋಸಿ ತೆಗೆಯಿರಿ. ಬೇರೆ ಬೇರೆ ಬಗೆಯ ಮೇಣ ಬೆರೆತಾಗ ಬತ್ತಿಯ ಲೆಕ್ಕ ತಪ್ಪುತ್ತದೆ ಎಂಬುದು ನೆನಪಿರಲಿ.

ಒಂದು ಕಪ್ಪಿಗೆ ಎಷ್ಟು ಮೇಣ ಬೇಕು?

ಎಲ್ಲಿಯವರೆಗೆ ತುಂಬಬೇಕೆಂದಿದ್ದೀರೋ ಅಲ್ಲಿಯವರೆಗೆ ನೀರು ಹಾಕಿ ಅಳೆಯಿರಿ. ಮೇಣ ನೀರಿಗಿಂತ ಹಗುರ, ಆದ್ದರಿಂದ ಮಿಲಿಲೀಟರ್ ಲೆಕ್ಕವನ್ನು 0.9ರಿಂದ ಗುಣಿಸಿದರೆ ಗ್ರಾಂ ಲೆಕ್ಕ ಬರುತ್ತದೆ. 200 ಮಿಲಿಲೀಟರ್ ನೀರು ಹಿಡಿಯುವ ಕಪ್ಪಿಗೆ 180 ಗ್ರಾಂ ಮೇಣ. ಅಂಚಿನಿಂದ ಕನಿಷ್ಠ ಒಂದು ಸೆಂಟಿಮೀಟರ್ ಖಾಲಿ ಬಿಡಿ. ಅಳೆದ ಮೇಲೆ ಪಾತ್ರೆಯನ್ನು ಚೆನ್ನಾಗಿ ಒಣಗಿಸಿ.

ಮೇಣ ಕರಗಿಸುವ ಸರಿಯಾದ ವಿಧಾನ ಯಾವುದು?

ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಅದರೊಳಗೆ ಮೇಣದ ಪಾತ್ರೆ ಇಟ್ಟು ಕರಗಿಸುವುದು. ಒಳಪಾತ್ರೆ ನೇರವಾಗಿ ತಳಕ್ಕೆ ತಾಗದಂತೆ ಕೆಳಗೊಂದು ಉಂಗುರ ಅಥವಾ ಮುಚ್ಚಳ ಇಡಿ. ನೀರು 100 ಡಿಗ್ರಿಗಿಂತ ಮೇಲೆ ಹೋಗುವುದಿಲ್ಲ, ಹಾಗಾಗಿ ಮೇಣವೂ ಹೋಗದು. ನೇರ ಉರಿಯ ಮೇಲಿಟ್ಟ ಮೇಣ ಸದ್ದಿಲ್ಲದೆ ಕಾಯುತ್ತಲೇ ಹೋಗುತ್ತದೆ. ಸುಮಾರು 200 ಡಿಗ್ರಿಯ ಆಸುಪಾಸಿನಲ್ಲಿ ಅದರ ಆವಿ ಬೆಂಕಿ ಹಿಡಿಯಬಲ್ಲದು. ನೀರಿನಂತೆ ಕುದಿದು ಎಚ್ಚರಿಸುವ ಸ್ವಭಾವ ಮೇಣಕ್ಕಿಲ್ಲ. ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ, ಒಲೆ ಬಿಟ್ಟು ಕದಲಬೇಡಿ, ಕೆಳಗಿನ ನೀರು ಬತ್ತದಂತೆ ನೋಡಿಕೊಳ್ಳಿ, ಮೇಣದೊಳಗೆ ನೀರಿನ ಹನಿ ಬೀಳದಿರಲಿ.

ಬತ್ತಿಯನ್ನು ಆರಿಸುವುದು ಹೇಗೆ? ದಾರ ಹೊಸೆದರೆ ಸಾಲದೇ?

ಇಡೀ ಕೆಲಸದ ಜೀವ ಇರುವುದು ಇಲ್ಲಿ, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೇಣದಬತ್ತಿಯಲ್ಲಿ ಉರಿಯುವುದು ದಾರವಲ್ಲ, ಕರಗಿದ ಮೇಣವೂ ಅಲ್ಲ, ಮೇಣದ ಆವಿ. ಬತ್ತಿ ಕರಗಿದ ಮೇಣವನ್ನು ಹೀರಿ ಮೇಲಕ್ಕೊಯ್ಯುತ್ತದೆ, ಜ್ವಾಲೆಯ ಬಿಸಿಗೆ ಅದು ಆವಿಯಾಗುತ್ತದೆ, ಆ ಆವಿ ಹೊತ್ತಿಕೊಳ್ಳುತ್ತದೆ. 1860ರ ಕೊನೆಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮೈಕೆಲ್ ಫ್ಯಾರಡೆ ಎಳೆಯರಿಗಾಗಿ ಮೇಣದಬತ್ತಿಯ ಬಗ್ಗೆಯೇ ಉಪನ್ಯಾಸಮಾಲೆ ಕೊಟ್ಟಾಗ ತೋರಿಸಿದ ಪ್ರಯೋಗ ಇದನ್ನು ಕಣ್ಣಿಗೆ ಕಟ್ಟುತ್ತದೆ. ಈಗಷ್ಟೇ ಆರಿದ ಬತ್ತಿಯಿಂದ ಮೇಲೇಳುವ ಬಿಳಿ ಹೊಗೆಗೆ ಉರಿಯುವ ಕಡ್ಡಿ ಹಿಡಿದರೆ, ಬೆಂಕಿ ಆ ಹೊಗೆಯ ಜಾಡು ಹಿಡಿದು ಇಳಿದು ಬತ್ತಿಯನ್ನು ಮತ್ತೆ ಹೊತ್ತಿಸುತ್ತದೆ. ಮನೆಯಲ್ಲೂ ಮಾಡಿ ನೋಡಬಹುದು.

ಹಾಗಾಗಿ ಬತ್ತಿಯೆಂದರೆ ಇಂಧನದ ಕೊಳವೆ. ಕೊಳವೆ ಚಿಕ್ಕದಾದರೆ ಇಂಧನ ಸಾಲದೆ ಜ್ವಾಲೆ ಸೊರಗುತ್ತದೆ, ತನ್ನದೇ ಮೇಣದಲ್ಲಿ ಮುಳುಗಿ ಆರುತ್ತದೆ. ದೊಡ್ಡದಾದರೆ ಪೂರ್ತಿ ಉರಿಯಲಾರದಷ್ಟು ಆವಿ ಬಂದು ಮಸಿಯಾಗುತ್ತದೆ, ಪಾತ್ರೆ ಕಾಯುತ್ತದೆ. ಹಳೆಯ ಪಾತ್ರೆಗೆ ಎರಡನೆಯದೇ ಹೆಚ್ಚು ಅಪಾಯ. ಅನುಮಾನವಿದ್ದಾಗ ಸಣ್ಣ ಬತ್ತಿಯಿಂದ ಶುರುಮಾಡಿ.

ಹೊಸೆದ ದಾರಕ್ಕೂ ಹೆಣೆದ ಬತ್ತಿಗೂ ದೊಡ್ಡ ವ್ಯತ್ಯಾಸವಿದೆ. ಹೊಸೆದದ್ದು ನೆಟ್ಟಗೆ ನಿಂತು, ಉರಿದ ತುದಿ ಜ್ವಾಲೆಯೊಳಗೇ ಇದ್ದಲಾಗಿ ಬೆಳೆಯುತ್ತದೆ. ಅದಕ್ಕೇ ಹಿಂದಿನ ಕಾಲದವರು ದೀಪ ಉರಿಯುತ್ತಿರುವಾಗಲೇ ಕತ್ತರಿಯಿಂದ ಕುಡಿ ಕತ್ತರಿಸುತ್ತ ಕೂರಬೇಕಿತ್ತು. 1820ರ ದಶಕದಲ್ಲಿ ಫ್ರಾನ್ಸಿನಲ್ಲಿ ಬಂದ ಹೆಣೆದ ಬತ್ತಿ ಉರಿಯುತ್ತ ಒಂದು ಪಕ್ಕಕ್ಕೆ ಬಾಗುತ್ತದೆ. ತುದಿ ಜ್ವಾಲೆಯ ಹೊರ ಅಂಚಿಗೆ ಬಂದು ಗಾಳಿ ತಾಗಿ ಬೂದಿಯಾಗಿ ಉದುರುತ್ತದೆ. ಅದೇ ಕಾಲದಲ್ಲಿ ಶೆವ್ರೂಲ್ ಮತ್ತು ಗೇ ಲುಸಾಕ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞರು ಕೊಬ್ಬಿನಿಂದ ಸ್ಟಿಯರಿಕ್ ಆಮ್ಲ ಬೇರ್ಪಡಿಸಿ ಗಟ್ಟಿ ಮೇಣದಬತ್ತಿ ಮಾಡುವ ವಿಧಾನಕ್ಕೆ 1825ರಲ್ಲಿ ಪೇಟೆಂಟ್ ಪಡೆದಿದ್ದರು. ಹೆಣಿಗೆ ಮತ್ತು ಒಳ್ಳೆಯ ಮೇಣ ಎರಡೂ ಸೇರಿ ಕುಡಿ ಕತ್ತರಿಸುವ ದುಡಿಮೆ ಬಹುಮಟ್ಟಿಗೆ ತಪ್ಪಿತು. ಆದ್ದರಿಂದ ಬತ್ತಿಯನ್ನು ಮಾತ್ರ ಮನೆಯಲ್ಲಿ ಹೊಸೆಯಲು ಹೋಗದೆ ಮೇಣದಬತ್ತಿಗೆಂದೇ ಹೆಣೆದ ಹತ್ತಿಯ ಬತ್ತಿ ತನ್ನಿ. ಮಾರುವವರು ಅಗಲಕ್ಕೆ ತಕ್ಕ ಅಳತೆ ಪಟ್ಟಿ ಕೊಟ್ಟಿರುತ್ತಾರೆ, ಅದನ್ನು ಓದಿ.

ಕಪ್ಪುಗಳಲ್ಲಿ ಇನ್ನೊಂದು ತೊಡಕಿದೆ. ಬಾಯಿ ಅಗಲ, ತಳ ಕಿರಿದು. ಬಾಯಿಯ ಅಗಲಕ್ಕೆ ಬತ್ತಿ ಹಾಕಿದರೆ ದೀಪ ಕೆಳಗಿಳಿದಂತೆ ಬತ್ತಿ ಅತಿಯಾಗುತ್ತದೆ. ನಡುಮಟ್ಟದ ಅಗಲ ಅಳೆದು ಅದಕ್ಕೆ ತಕ್ಕ ಬತ್ತಿ ಹಾಕಿ. ಮೊದಲಿಗೆ ಮೇಲಿನ ಅಂಚಿನಲ್ಲಿ ತೆಳುವಾಗಿ ಮೇಣ ಉಳಿಯಬಹುದು, ದೀಪ ಇಳಿದಂತೆ ಹೆಚ್ಚಿನದು ತಾನೇ ಕರಗಿ ಸೇರುತ್ತದೆ.

ಅಗಲವಾದ ಬೋಗುಣಿಗೆ ಎಷ್ಟು ಬತ್ತಿ?

9 ಅಥವಾ 10 ಸೆಂಟಿಮೀಟರ್ ದಾಟಿದರೆ ಒಂದು ಬತ್ತಿ ಸಾಲದು. ಎರಡು ಅಥವಾ ಮೂರು ಸಣ್ಣ ಬತ್ತಿಗಳನ್ನು ಸಮದೂರದಲ್ಲಿ ಇಡಿ. ಅವುಗಳ ಕರಗುವ ವೃತ್ತಗಳು ಒಂದನ್ನೊಂದು ಮುಟ್ಟಬೇಕು, ಜ್ವಾಲೆಗಳು ಮುಟ್ಟಬಾರದು, ಗೋಡೆಗೂ ತೀರಾ ಹತ್ತಿರವಾಗಬಾರದು. ಮೂರು ಜ್ವಾಲೆಗಳ ಬಿಸಿ ಒಟ್ಟಿಗೆ ಸೇರುವುದರಿಂದ ಪ್ರತಿಯೊಂದೂ ಒಂಟಿ ಬತ್ತಿಗಿಂತ ತೆಳುವಿರಲಿ.

ಬತ್ತಿ ವಾಲದಂತೆ ನಿಲ್ಲಿಸುವುದು ಹೇಗೆ?

ಬತ್ತಿಯ ಬುಡಕ್ಕೆ ಸಿಕ್ಕಿಸುವ ತಗಡಿನ ಬಿಲ್ಲೆ ಸಿಗುತ್ತದೆ. ಅದನ್ನು ಒಂದು ಹನಿ ಕರಗಿದ ಮೇಣದಿಂದ ಪಾತ್ರೆಯ ತಳದ ನಡುವೆ ಅಂಟಿಸಿ. ಮೇಲಿನ ತುದಿಯನ್ನು ಪಾತ್ರೆಯ ಬಾಯಿಗೆ ಅಡ್ಡಲಾಗಿಟ್ಟ ಎರಡು ಕಡ್ಡಿಗಳ ನಡುವೆ ಸಿಕ್ಕಿಸಿ. ಬಟ್ಟೆ ಒಣಹಾಕುವ ಕ್ಲಿಪ್ಪೂ ಆಗುತ್ತದೆ.

ಮೇಣ ಎಷ್ಟು ಬಿಸಿ ಇರುವಾಗ ಸುರಿಯಬೇಕು?

ಸೋಯಾ ಮೇಣವಾದರೆ ಹೆಚ್ಚಾಗಿ 55ರಿಂದ 65 ಡಿಗ್ರಿ. ತಯಾರಕರು ಹೇಳಿದ್ದು ಬೇರೆ ಇದ್ದರೆ ಅದನ್ನೇ ಪಾಲಿಸಿ. ಅದಕ್ಕಿಂತ ಮುಖ್ಯವಾದದ್ದು ಪಾತ್ರೆಯ ಬಿಸಿ. ತಣ್ಣಗಿನ ಗಾಜಿಗೆ ಬಿಸಿ ಮೇಣ ಸುರಿದರೆ ಗಾಜು ಬಿರಿಯಬಹುದು, ಬಿರಿಯದಿದ್ದರೂ ಮೇಣ ಗೋಡೆಗೆ ಸರಿಯಾಗಿ ಕಚ್ಚುವುದಿಲ್ಲ. ಖಾಲಿ ಪಾತ್ರೆಯನ್ನು ಬಿಸಿನೀರಿನಲ್ಲಿ ಹಂತಹಂತವಾಗಿ ಬೆಚ್ಚಗೆ ಮಾಡಿ, ಒರೆಸಿ, ಆಮೇಲೆ ಸುರಿಯಿರಿ. ಸುರಿದ ಮೇಲೆ ಫ್ರಿಜ್ಜಿನಲ್ಲಿಡಬೇಡಿ, ಫ್ಯಾನಿನ ಕೆಳಗೂ ಬೇಡ. ನಿಧಾನವಾಗಿ ಆರಿದಷ್ಟೂ ಮೇಲ್ಮೈ ನಯವಾಗಿರುತ್ತದೆ.

ಆರಿದ ಮೇಲೆ ನಡುವೆ ಗುಂಡಿ ಬಿದ್ದಿದೆ, ಮೇಲೆ ಬಿಳಿಯ ಹೂವಿನಂಥ ಪದರ ಬಂದಿದೆ. ಕೆಟ್ಟುಹೋಯಿತೇ?

ಕೆಟ್ಟಿಲ್ಲ. ಮೇಣ ಆರುವಾಗ ಕುಗ್ಗುತ್ತದೆ. ಅಂಚು ಮೊದಲು ಗಟ್ಟಿಯಾಗಿ ನಡುಭಾಗ ಕೊನೆಗೆ ಆರುವುದರಿಂದ ಬತ್ತಿಯ ಸುತ್ತ ಗುಂಡಿ ಬೀಳುತ್ತದೆ. ಅರ್ಧ ಆರಿದಾಗ ಬತ್ತಿಯ ಸುತ್ತ ಕಡ್ಡಿಯಿಂದ ಕೆಲವು ತೂತು ಮಾಡಿ ಒಳಗಿನ ಟೊಳ್ಳು ತೆರೆದು, ಉಳಿಸಿಟ್ಟುಕೊಂಡ ಸ್ವಲ್ಪ ಮೇಣವನ್ನು ಕರಗಿಸಿ ಮೇಲೆ ಸುರಿಯಿರಿ. ಈ ಎರಡನೆಯ ಸುರಿತಕ್ಕೆಂದೇ ಮೊದಲೇ ಸ್ವಲ್ಪ ಮೇಣ ಎತ್ತಿಡುವುದು ಜಾಣತನ.

ಬಿಳಿ ಪದರ ಸೋಯಾ ಮೇಣದ ಸಹಜ ಗುಣ, ಅದರ ಹರಳುಗಳು ಮೇಲೆದ್ದು ಕಾಣುತ್ತವೆ. ಉರಿಯುವುದಕ್ಕೆ ಯಾವ ತೊಂದರೆಯೂ ಇಲ್ಲ. ಗಾಜಿನ ಒಳಗೋಡೆಯಲ್ಲಿ ಒದ್ದೆಯಂಥ ಕಲೆ ಕಂಡರೆ ಅಲ್ಲಿ ಮೇಣ ಗೋಡೆಯನ್ನು ಬಿಟ್ಟಿದೆ ಎಂದಷ್ಟೇ ಅರ್ಥ. ಪಿಂಗಾಣಿಯಲ್ಲಿ ಅದು ಕಾಣುವುದೇ ಇಲ್ಲ.

ಪರಿಮಳ ಎಷ್ಟು ಬೆರೆಸಬೇಕು?

ಮೇಣದ ತೂಕದ ಶೇಕಡಾ 6ರಿಂದ ಶುರುಮಾಡಿ. 180 ಗ್ರಾಂಗೆ ಸುಮಾರು 11 ಗ್ರಾಂ. ಸಾಮಾನ್ಯವಾಗಿ ಶೇಕಡಾ 10ರ ಮೇಲೆ ಮೇಣ ಹಿಡಿದುಕೊಳ್ಳುವುದಿಲ್ಲ, ಎಣ್ಣೆ ಬೆವರಿನಂತೆ ಮೇಲೆ ಬರುತ್ತದೆ, ಆ ಎಣ್ಣೆ ಬೆಂಕಿ ಹಿಡಿಯಬಹುದು. ಮೇಣದಬತ್ತಿಗೆಂದು ಮಾಡಿದ ಪರಿಮಳದ ಎಣ್ಣೆಯನ್ನೇ ಬಳಸಿ, ತಯಾರಕರು ಸೂಚಿಸಿದ ಬಿಸಿಯಲ್ಲಿ ಬೆರೆಸಿ ಒಂದೆರಡು ನಿಮಿಷ ನಿಧಾನವಾಗಿ ಕಲಕಿ. ಮೈಗೆ ಹಚ್ಚುವ ಅತ್ತರು, ಮದ್ಯಸಾರವಿರುವ ಸುಗಂಧದ್ರವ್ಯ ಬೇಡ. ಸೋಯಾ ಮೇಣದ ದೀಪವನ್ನು ಒಂದೆರಡು ವಾರ ಮುಚ್ಚಿಟ್ಟು ಆಮೇಲೆ ಹಚ್ಚಿದರೆ ಪರಿಮಳ ಚೆನ್ನಾಗಿ ಬರುತ್ತದೆ.

ಬಣ್ಣ, ಒಣಗಿದ ಹೂವು, ಮಸಾಲೆ ಚಕ್ಕೆ ಹಾಕಬಹುದೇ?

ಅಡುಗೆಯ ಬಣ್ಣ ನೀರಿನದು, ಮೇಣದಲ್ಲಿ ಬೆರೆಯುವುದಿಲ್ಲ. ಮಕ್ಕಳ ಬಣ್ಣದ ಕಡ್ಡಿಗಳ ಕಣಗಳು ಬತ್ತಿಯ ಎಳೆಗಳನ್ನು ಕಟ್ಟಿಬಿಡುತ್ತವೆ. ಮೇಣದಲ್ಲಿ ಕರಗುವ ಬಣ್ಣವೇ ಬೇಕು. ನನ್ನನ್ನು ಕೇಳಿದರೆ, ಚಿತ್ತಾರದ ಹಳೆಯ ಕಪ್ಪಿಗೆ ಬಣ್ಣವಿಲ್ಲದ ಮೇಣವೇ ಶೋಭೆ.

ಹೂವು, ಎಲೆ, ಚಕ್ಕೆಗಳ ವಿಷಯದಲ್ಲಿ ಮಾತ್ರ ಖಂಡಿತವಾಗಿ ಹೇಳುತ್ತೇನೆ: ಉರಿಯುವ ದೀಪದಲ್ಲಿ ಅವು ಬೇಡ. ಮೇಣ ಕುಡಿದ ಒಣ ದಳ ಇನ್ನೊಂದು ಬತ್ತಿಯಾಗುತ್ತದೆ. ಕೊಳದಲ್ಲಿ ತೇಲಿ ಜ್ವಾಲೆಗೆ ತಾಗಿದರೆ ಇಡೀ ಮೇಲ್ಮೈ ಹೊತ್ತಿಕೊಳ್ಳಬಹುದು.

ಮೊದಲ ಸಲ ಹಚ್ಚುವಾಗ ಏನು ಗಮನಿಸಬೇಕು?

ಮೊದಲ ಉರಿತದಲ್ಲಿ ಮೇಲಿನ ಮೇಣ ಹೆಚ್ಚುಕಡಿಮೆ ಅಂಚಿನವರೆಗೆ ಕರಗಲಿ. ಅಗಲದ ಪ್ರತಿ 2.5 ಸೆಂಟಿಮೀಟರಿಗೆ ಒಂದು ಗಂಟೆ ಎಂಬುದು ರೂಢಿಯ ಲೆಕ್ಕ. ಬೇಗ ಆರಿಸಿದರೆ ನಡುವೆ ಮಾತ್ರ ಬಾವಿ ತೋಡಿದಂತಾಗಿ ಮುಂದೆಯೂ ದೀಪ ಅದೇ ಜಾಡಿನಲ್ಲಿ ಇಳಿಯುತ್ತದೆ. ಪ್ರತಿ ಸಲ ಹಚ್ಚುವ ಮುನ್ನ ಬತ್ತಿಯನ್ನು 5ರಿಂದ 6 ಮಿಲಿಮೀಟರಿಗೆ ಕತ್ತರಿಸಿ. ಒಮ್ಮೆಗೆ ನಾಲ್ಕು ಗಂಟೆಗಿಂತ ಹೆಚ್ಚು ಉರಿಸಬೇಡಿ. ತಳದಲ್ಲಿ 12 ಮಿಲಿಮೀಟರ್ ಮೇಣ ಉಳಿದಾಗ ದೀಪದ ಆಯುಷ್ಯ ಮುಗಿಯಿತೆಂದು ಎಣಿಸಿ. ಅದಕ್ಕಿಂತ ಕೆಳಗಿಳಿದರೆ ಬೆಂಕಿಯ ಬಿಸಿ ನೇರವಾಗಿ ಪಾತ್ರೆಯ ತಳಕ್ಕೆ ತಟ್ಟುತ್ತದೆ.

ಹೊಸ ಪಾತ್ರೆಯ ಮೊದಲ ದೀಪವನ್ನು ಕಣ್ಣೆದುರೇ ಉರಿಸಿ. ಅರ್ಧ ಗಂಟೆಗೊಮ್ಮೆ ಹೊರಮೈಯ ಬಳಿ ಕೈ ಒಯ್ದು ನೋಡಿ. ಹಿಡಿಯಲಾರದಷ್ಟು ಕಾದಿದ್ದರೆ, ಜ್ವಾಲೆ ಎರಡೂವರೆ ಸೆಂಟಿಮೀಟರಿಗಿಂತ ಎತ್ತರವಾಗಿ ಹೊಗೆಯಾಡುತ್ತಿದ್ದರೆ ಆರಿಸಿ, ಸಣ್ಣ ಬತ್ತಿಯಲ್ಲಿ ಮತ್ತೆ ಮಾಡಿ. ಈ ಪರೀಕ್ಷೆ ಮುಗಿಯದ ದೀಪವನ್ನು ಯಾರಿಗೂ ಉಡುಗೊರೆ ಕೊಡಬೇಡಿ. ಒಂದೇ ಬಗೆಯ ಪಾತ್ರೆ ಎರಡಿದ್ದರೆ ಒಂದನ್ನು ಪೂರ್ತಿ ಉರಿಸಿ ನೋಡಿ ಇನ್ನೊಂದನ್ನು ಕೊಡಿ. ಕೊಡುವಾಗ ಮೇಲಿನ ಸೂಚನೆಗಳನ್ನು ಚೀಟಿಯಲ್ಲಿ ಬರೆದು ತಳಕ್ಕೆ ಅಂಟಿಸಿ.

ಮೇಣಕ್ಕೆ ಬೆಂಕಿ ಹತ್ತಿದರೆ ಏನು ಮಾಡಬೇಕು?

ನೀರು ಹಾಕಬೇಡಿ. ನೀರು ಬಿಸಿ ಮೇಣದ ಕೆಳಗಿಳಿದು ಕ್ಷಣದಲ್ಲಿ ಹಬೆಯಾಗಿ, ಉರಿಯುವ ಮೇಣವನ್ನು ಎಲ್ಲ ಕಡೆ ಎರಚುತ್ತದೆ. ಒಲೆ ಆರಿಸಿ, ಲೋಹದ ಮುಚ್ಚಳ ಮುಚ್ಚಿ ಗಾಳಿ ತಡೆಯಿರಿ, ಪೂರ್ತಿ ಆರುವ ತನಕ ತೆರೆಯಬೇಡಿ, ಪಾತ್ರೆಯನ್ನು ಎತ್ತಿಕೊಂಡು ಓಡಬೇಡಿ. ಪಾತ್ರೆಯ ಬಾಯಿಗಿಂತ ದೊಡ್ಡದಾದ ಮುಚ್ಚಳವೊಂದು ಕೆಲಸ ಶುರುವಾಗುವ ಮೊದಲೇ ಕೈಗೆಟಕುವಲ್ಲಿ ಇರಲಿ. ಬೆಂಕಿ ಪಾತ್ರೆ ದಾಟಿ ಹಬ್ಬಿದರೆ ಹೊರಗೆ ಬಂದು ಅಗ್ನಿಶಾಮಕ ದಳವನ್ನು ಕರೆಯಿರಿ. ಮೈಮೇಲೆ ಬಿಸಿ ಮೇಣ ಬಿದ್ದರೆ ಕಿತ್ತು ತೆಗೆಯಲು ಹೋಗದೆ ಮೊದಲು ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ.

ಸೋರುವ, ತೂತಿರುವ ಪಾತ್ರೆಗಳಿಗೆ ಬೇರೆ ಉಪಯೋಗವಿದೆಯೇ?

ಇದೆ. ತೂತಿನ ಜರಡಿ, ಡಬ್ಬಿಯಾಕಾರದ ತುರಿಮಣೆ ಇವನ್ನು ಸಣ್ಣ ದೀಪದ ಮೇಲೆ ಕವಿಚಿದರೆ ಗೋಡೆಯ ಮೇಲೆ ಬೆಳಕಿನ ಚುಕ್ಕಿಗಳು ಹರಡುತ್ತವೆ. ಮೇಲ್ಭಾಗದಲ್ಲಿ ಬಿಸಿ ಹೊರಹೋಗಲು ತೆರವು ಇರಬೇಕಷ್ಟೇ. ಕೇಕಿನ ಹಳೆಯ ತಗಡಿನ ಅಚ್ಚುಗಳಲ್ಲಿ ಗಟ್ಟಿ ಮೇಣ ಸುರಿದು ನೀರಿನಲ್ಲಿ ತೇಲುವ ಸಣ್ಣ ದೀಪಗಳನ್ನು ಎರೆದು ತೆಗೆಯಬಹುದು. ಬಾಯಿ ತಳಕ್ಕಿಂತ ಅಗಲವಿರುವ ಅಚ್ಚುಗಳೇ ಆಗಬೇಕು, ಇಲ್ಲದಿದ್ದರೆ ಮೇಣ ಹೊರಬರುವುದಿಲ್ಲ. ಒಳಗೆ ತೆಳುವಾಗಿ ಅಡುಗೆ ಎಣ್ಣೆ ಸವರಿ.

ದೀಪ ಮುಗಿದ ಮೇಲೆ ಪಾತ್ರೆಯನ್ನು ತೊಳೆಯುವುದು ಹೇಗೆ? ಮತ್ತೆ ಅಡುಗೆಗೆ ಬಳಸಬಹುದೇ?

ಲೋಹದ ಪಾತ್ರೆಯನ್ನು ಒಂದೆರಡು ಗಂಟೆ ಫ್ರೀಜರಿನಲ್ಲಿಟ್ಟರೆ ಮೇಣ ಕುಗ್ಗಿ ಬಿಲ್ಲೆಯಂತೆ ಹೊರಬೀಳುತ್ತದೆ. ಹಳೆಯ ಪಿಂಗಾಣಿಗೂ ಗಾಜಿಗೂ ಆ ಚಳಿಯ ಆಘಾತ ಬೇಡ. ಅವನ್ನು ಬೆಚ್ಚಗಿನ ನೀರಿನಲ್ಲಿ ಕೂರಿಸಿ, ಮೇಣ ಮೆತ್ತಗಾದಾಗ ಮರದ ಚಮಚದಿಂದ ಬಿಡಿಸಿ. ಉಳಿದ ಜಿಡ್ಡನ್ನು ಕಾಗದದಲ್ಲಿ ಒರೆಸಿ ಆಮೇಲಷ್ಟೇ ಸಾಬೂನು ಹಾಕಿ. ಮೇಣವನ್ನು ಎಂದಿಗೂ ಸಿಂಕಿಗೆ ಸುರಿಯಬೇಡಿ, ಕೊಳವೆಯೊಳಗೆ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ.

ಅಡುಗೆಗೆ ಮತ್ತೆ ಬೇಡ. ಪರಿಮಳದ ಎಣ್ಣೆ, ಬಣ್ಣ, ಮಸಿ ಕೂದಲೆಳೆಯ ಬಿರುಕುಗಳಲ್ಲಿ ಉಳಿದುಬಿಡುತ್ತವೆ. ಮೇಣ ಕರಗಿಸಲು ಬಳಸಿದ ಪಾತ್ರೆ, ಚಮಚಗಳಿಗೂ ಇದೇ ನಿಯಮ. ಆದರೆ ಅದೇ ಪಾತ್ರೆಗೆ ಹೊಸ ಬತ್ತಿ ಇಟ್ಟು ಮತ್ತೆ ಮೇಣ ತುಂಬಲು ಅಡ್ಡಿಯಿಲ್ಲ, ಪ್ರತಿ ಸಲವೂ ಟಾರ್ಚಿನ ಬೆಳಕಿನಲ್ಲಿ ಬಿರುಕು ಹುಡುಕಿದ ಮೇಲೆ.